ಹೆಬ್ಬೆರಳಿನ ಕೆಲಸ

ಮಾರ್ಚ್ ಮೊದಲ ವಾರ. ಅಲಬಾಮದ ಕೆರೆ
ಇನ್ನೂ ಚಳಿಯ ಬಣ್ಣದಲ್ಲೇ ಇತ್ತು.
ಆರು ಗಂಟೆಗೆ ಅಂಗಡಿಯ ಬಾಗಿಲು ತೆಗೆದರೆ
ಮೆಟ್ಟಿಲ ಮೇಲೆ ಒಡೆಲ್ ಟ್ಯಾಕೆಟ್.
ಕಾಗದದ ಗಿರಣಿಯಲ್ಲಿ ಮೂವತ್ತೊಂದು ವರ್ಷ,
ಕೊನೆಯ ವರ್ಷ ಉರುಳೆಗೆ ಬಲಗೈಯ ಹೆಬ್ಬೆರಳು.

"ಕೋಲು ಬೇಕು," ಅಂದ. "ರೀಲೂ. ದಾರವೂ.
ಹಳೆಯದನ್ನೆಲ್ಲ ಅಳಿಯನಿಗೆ ಕೊಟ್ಟುಬಿಟ್ಟೆ, ಸಿಟ್ಟಿನಲ್ಲಿ."

ಚಿಕ್ಕಮ್ಮ ವರ್ಲೀನ್ ಕಾಫಿ ಲೋಟ ಕೆಳಗಿಡದೆ
ಗೋಡೆಗೊರಗಿದ ಕೋಲುಗಳ ಮುಂದೆ ನಡೆದಳು,
ಹಲ್ಲು ಹಿಡಿದು ಎತ್ತು ನೋಡುವವಳ ಹಾಗೆ.
ಆರಡಿಯದು ಹತ್ತಿರದ ಬೊಡ್ಡೆಗೆ ಸರಿ, ದೂರಕ್ಕೆ ಸೋಲುತ್ತದೆ.
ಮೆತ್ತನೆಯದು ಬಾಸ್ ಮೀನಿಗೂ ಬಾಗುತ್ತದೆ, ಜೊಂಡಿಗೂ ಬಾಗುತ್ತದೆ.
ಏಳಡಿಯದೊಂದನ್ನು ಎಳೆದು
ತುದಿಯನ್ನು ಚಾವಣಿಗೆ ಒತ್ತಿದಳು
(ಅಲ್ಲಿ ನಲವತ್ತು ವರ್ಷದ ತುದಿಗಳು ಚುಚ್ಚಿದ ಕುಳಿಗಳಿವೆ,
ಬಣ್ಣ ಹೊಡೆಯಲು ಬಿಡುವುದಿಲ್ಲ).
ತುದಿ ಬಾಗಿತು. ನಡು ಬಾಗಲಿಲ್ಲ.
"ನಿನ್ನ ಹಾಗೆ," ಅಂದಳು. ಅವನು ನಗಲಿಲ್ಲ.

ರೀಲಿಗೆ ಬಂದಾಗ ಮಾತು ತಡವರಿಸಿತು.
ಕೆಳಗೆ ನೇತಾಡುವಂಥದ್ದನ್ನು ಮುಂದಿಟ್ಟಳು:
"ಇದಕ್ಕೆ ಹೆಬ್ಬೆರಳು ಬೇಡ. ತೋರುಬೆರಳಿಗೆ ದಾರ ಸಿಕ್ಕಿಸು, ಎಸೆ, ಬಿಡು."
ಅವನು ಮುಟ್ಟಲೂ ಇಲ್ಲ.
"ಅದು ಮೊಮ್ಮಕ್ಕಳಿಗೆ. ನನಗೆ ಕೋಲಿನ ಮೇಲೆ ಕೂರುವುದು ಕೊಡು."

ಮೇಲೆ ಕೂರುವ ರೀಲಿಗೆ ಹೆಬ್ಬೆರಳೇ ಕಡಿವಾಣ.
ಎಸೆದಾಗ ಸುರುಳಿ ದಾರಕ್ಕಿಂತ ಮುಂದೆ ಓಡುತ್ತದೆ,
ಸವರಿಕೊಂಡೇ ಇರಬೇಕು,
ನಿದ್ದೆಗೆ ಜಾರುವ ಮಗುವಿನ ಬೆನ್ನು ಸವರುವಷ್ಟು.
ಹೆಚ್ಚು ಒತ್ತಿದರೆ ಗಾಳ ಕಾಲ ಬುಡದಲ್ಲಿ;
ಒತ್ತದಿದ್ದರೆ ದಾರವೆಲ್ಲ ಎದ್ದು ಗುಬ್ಬಿಗೂಡು.

ಅಂಗಡಿಯಲ್ಲಿ ಯಾರೂ ಅವನ ಕೈ ನೋಡಲಿಲ್ಲ,
ನೋಡಲಿಲ್ಲವೆಂಬುದು ಎಲ್ಲರಿಗೂ ಗೊತ್ತಾಗುವ ಹಾಗೆ.

"ಎಡಗೈಯಲ್ಲಿ ಎಸೆಯುತ್ತೇನೆ."
"ಎಪ್ಪತ್ತರಲ್ಲಾ?"
"ಎಡಗೈಗೆಲ್ಲಿ ಎಪ್ಪತ್ತು? ಅದು ಇಷ್ಟು ದಿನ ಸುಮ್ಮನೆ ಕೂತಿತ್ತು."

ಹಿಡಿಕೆ ಬಲಕ್ಕೇ ಇರಲಿ ಅಂದಳು ಚಿಕ್ಕಮ್ಮ,
ಅದರ ಸಣ್ಣ ಗುಬುಟು ಬಿಚ್ಚಿ ದಪ್ಪನೆಯ ಬಿರಡೆಯದು ತಿರುಪಿದಳು,
ನಾಲ್ಕು ಬೆರಳಿಗೆ ದಕ್ಕುವಂತೆ.

ದಾರ ನನ್ನ ಪಾಲಿನ ಕೆಲಸ.
ಹೆಣೆದದ್ದು ತೋರಿಸಿದೆ: ಐವತ್ತು ಪೌಂಡಿಗೂ ಜಗ್ಗದು,
ಸಿಕ್ಕಾದರೆ ಮಾತ್ರ ಕತ್ತರಿಯೇ ಗತಿ.
ಫ್ಲೋರೋಕಾರ್ಬನ್ ತೋರಿಸಿದೆ: ನೀರಲ್ಲಿ ಕಾಣುವುದಿಲ್ಲ,
ಬೆಲೆ ಚೆನ್ನಾಗಿ ಕಾಣುತ್ತದೆ.
ಚಿಕ್ಕಮ್ಮ ಮೂಲೆಯ ಡಬ್ಬಿಯಿಂದ ಬರೀ ನೈಲಾನ್ ತೆಗೆದು
ಎರಡು ಕೈಯಲ್ಲಿ ಎಳೆದು ತೋರಿಸಿದಳು.
"ಇದು ಹಿಗ್ಗುತ್ತದೆ ಒಡೆಲ್.
ಹಿಗ್ಗುವುದಕ್ಕೆ ತಪ್ಪು ತಡೆದುಕೊಳ್ಳುವ ಗುಣ ಇರುತ್ತದೆ.
ಈ ಬೇಸಗೆಗೆ ಇದು. ಕೈ ಕಲಿತ ಮೇಲೆ ಬೇರೆ ನೋಡೋಣ."

ಮಧ್ಯಾಹ್ನದವರೆಗೆ ಹೊರಗಿನ ಜಲ್ಲಿಯಲ್ಲಿ ನಿಂತು
ಕೊಕ್ಕೆಯಿಲ್ಲದ ಸೀಸದ ಗುಂಡನ್ನು ಹಳೆಯ ಟೈರಿನತ್ತ ಎಸೆದ.
ಮೊದಲನೆಯದು ಬೂಟಿನ ಮೇಲೆ.
ಎರಡನೆಯದು ಗುಬ್ಬಿಗೂಡು. ಮೂರು, ನಾಲ್ಕು, ಗುಬ್ಬಿಗೂಡು.
ನಾನು ಹೆಣಿಗೆಯ ಕಡ್ಡಿ ಹಿಡಿದು ಎಳೆ ಎಳೆ ಬಿಡಿಸುತ್ತಿದ್ದೆ,
ಅವನು ಪಕ್ಕದಲ್ಲಿ ಕಾಯುತ್ತಿದ್ದ,
ಇಲ್ಲದ ಬೆರಳಿನಿಂದ ಪ್ಯಾಂಟಿನ ಹೊಲಿಗೆ ಸವರುತ್ತ,
ಹಾಗೆ ಅನ್ನಿಸಿತು ನನಗೆ.

ಒಂದು ಮಾತ್ರ ಹೋಯಿತು. ಸದ್ದಿಲ್ಲದೆ, ಉದ್ದಕ್ಕೆ,
ಟೈರು ದಾಟಿ, ಬೇಲಿ ದಾಟಿ
ಪಾದ್ರಿಯ ಪಿಕಪ್ಪಿನ ಮೇಲೆ ಠಣ್ ಅಂದಿತು.

ಮುಂದಿನ ಶನಿವಾರ ಮತ್ತೆ ಬಂದ, ಖಾಲಿ ರೀಲು ಹಿಡಿದು.
"ಅದೇ ದಾರ. ಎರಡು ಉಂಡೆ."
"ಮೀನು?" ಅಂದೆ.
"ಮೀನಿನ ಮಾತು ಇನ್ನೂ ಎತ್ತಬೇಡ."
ಎಡ ಹೆಬ್ಬೆರಳಿನ ತುದಿ ಸುಲಿದು ಕೆಂಪಗಿತ್ತು.
ದುಡ್ಡು ಎಣಿಸುವಾಗ ಅದನ್ನೇ ಮೇಲೆ ಹಿಡಿದ,
ನಾವು ನೋಡಲಿ ಅಂತ.