ಪರ್ಯಾಯ ಪಠ್ಯ

ಬನ್ನಂಜೆಯ ಕಂಪ್ಯೂಟರ್ ಕೋಣೆ, ತರಬೇತಿಯ ಎರಡನೇ ದಿನ,
ಒಂದು ಮೌಸಿಗೆ ಮೂವರು ಟೀಚರು.
ನಾವಡರು ಪರದೆಗೆ ಬೆರಳಿಟ್ಟು ಹೇಳಿದರು:
"ಪ್ರತಿ ಚಿತ್ರದ ಹಿಂದೆಯೂ ಇಂಥ ಒಂದು ಖಾಲಿ ಚೌಕ ಇದೆ.
ಇದಕ್ಕೆ ಪರ್ಯಾಯ ಪಠ್ಯ ಅಂತ ಹೆಸರು."
ಹಿಂದಿನ ಸಾಲಿನಿಂದ ಯಾರೋ,
"ಪರ್ಯಾಯ ಅಂದರೆ ನಮಗೆ ಗೊತ್ತಿರುವುದು
ಎರಡು ವರ್ಷಕ್ಕೊಮ್ಮೆ ರಸ್ತೆಗೆ ಡಾಂಬರು ಬೀಳುವುದು, ಸರ್."
ನಕ್ಕೆವು. ನಾವಡರೂ ನಕ್ಕರು.
"ಕಣ್ಣು ಕಾಣದವರಿಗೆ ಕಂಪ್ಯೂಟರು ಇದನ್ನು ಓದಿ ಹೇಳುತ್ತದೆ" ಎಂದರು.
ಅಷ್ಟರಲ್ಲಿ ಚಹಾ ಬಂತು, ಗೋಳಿಬಜೆ ಬಂತು,
ಮೌಸಿಗೆಲ್ಲ ಎಣ್ಣೆ.

ನನ್ನ ನಗು ಮಾತ್ರ ಅರ್ಧಕ್ಕೇ ನಿಂತಿತ್ತು.
ತೃಷಾ ಮೆಂಡನ್, ಒಂಬತ್ತನೇ ಬಿ, ಕಿಟಕಿ ಬದಿಯ ಬೆಂಚು.
ಎರಡು ವರ್ಷದಿಂದ ಅವಳೆದುರು ನಾನು
ಬೋರ್ಡಿನತ್ತ ಕೈ ತೋರಿಸಿ
"ಇಲ್ಲಿ ನೋಡಿ ಮಕ್ಕಳೇ" ಎನ್ನುತ್ತಿದ್ದೇನೆ.

ರಾತ್ರಿ ತೊಟ್ಟಂನ ಮನೆಯಲ್ಲಿ ಪಾತ್ರೆ ಕವುಚಿಟ್ಟು
ತಮ್ಮನ ಹಳೆ ಲ್ಯಾಪ್‌ಟಾಪ್ ತೆರೆದೆ.
ಪಾಠ: ನಮ್ಮ ಊರು, ನಮ್ಮ ಕಸುಬು.
ಚಿತ್ರ ಒಂದು: ಮಲ್ಪೆಯ ಬಂದರು, ನಾನೇ ತೆಗೆದದ್ದು.
ಚೌಕದಲ್ಲಿ ಬರೆದೆ, 'ಬಂದರಿನ ಚಿತ್ರ'.
ಬರೆದು ನೋಡಿದರೆ
ಬಾಳೆಲೆಯ ಮೇಲೆ 'ಅನ್ನ' ಅಂತ ಬರೆದು
ಉಣ್ಣು ಎಂದ ಹಾಗಿತ್ತು.

ಅಳಿಸಿದೆ. ಬೋಟುಗಳು. ಎಷ್ಟು?
ಎಣಿಸಿದೆ: ಹನ್ನೊಂದು, ಅದರಾಚೆ ಬರೀ ಕಂಬಗಳ ಗಿಜಿಗಿಜಿ.
ನೀಲಿ ಬಣ್ಣ. ಹುಟ್ಟಿನಿಂದ ಕಾಣದವಳಿಗೆ ನೀಲಿ ಯಾಕೆ?
ಅಳಿಸಿದೆ, ಮತ್ತೆ ಬರೆದೆ.
ಎಲ್ಲರ ಬಾಯಲ್ಲೂ ಇರುವ ಮಾತು,
ಅವಳ ಪಾಲು ಅವಳಿಗಿರಲಿ.
ಬಲ ಮೂಲೆಯಲ್ಲಿ ಒಬ್ಬ ಹೆಂಗಸು
ಬೋರಲು ಬುಟ್ಟಿಯ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಾಳೆ,
ಒಂದು ಕಾಲಿನ ಚಪ್ಪಲಿ ಕಳಚಿದೆ.
ವರ್ಷದಿಂದ ನನ್ನ ಫೋನಿನ ವಾಲ್‌ಪೇಪರ್ ಇದೇ ಪಟ.
ಇವಳು ಯಾವಾಗ ಬಂದು ಕೂತಳು?

ಹನ್ನೆರಡೂವರೆಗೆ ಚೌಕ ಕೆಂಪಾಯಿತು:
ಅಕ್ಷರಗಳ ಮಿತಿ ಮೀರಿದೆ.
ಕಂಬ ತೆಗೆದೆ, ಆಕಾಶ ತೆಗೆದೆ,
ಚಪ್ಪಲಿಯನ್ನು ಬಿಡಲು ಮನಸ್ಸಾಗಲಿಲ್ಲ.

ಸೋಮವಾರ ತೃಷಾಳ ಕಿವಿಗೆ ಇಯರ್‌ಫೋನು.
ಒಳಗಿನ ದನಿಗೆ ಮೊನ್ನೆಯಷ್ಟೇ ರೈಲಿಳಿದವರ ಕನ್ನಡ,
ನಿಲ್ಲಬಾರದಲ್ಲಿ ನಿಲ್ಲುತ್ತದೆ, ನಿಲ್ಲಬೇಕಾದಲ್ಲಿ ಓಡುತ್ತದೆ.
ಕೇಳಿದಳು. ಇನ್ನೊಮ್ಮೆ ಒತ್ತಿ ಕೇಳಿದಳು.
ಉತ್ತರಪತ್ರಿಕೆ ಕೊಟ್ಟ ಹುಡುಗಿಯ ಹಾಗೆ
ಸೆರಗು ಹಿಡಿದು ನಿಂತಿದ್ದೆ.

"ಟೀಚರ್, ಇದು ಐಸ್ ಪ್ಲಾಂಟಿನ ಬದಿ ಅಲ್ಲ ಅಲ್ವಾ?"
"ಅಲ್ಲ. ನಿನಗೆ ಹೇಗೆ ಗೊತ್ತಾಯ್ತು?"
"ಆ ಬದಿಯಲ್ಲಿ ಐಸ್ ಪುಡಿ ಮಾಡುವ ಸದ್ದಿಗೆ
ಫೋನಿನಲ್ಲಿ ಮಾತಾಡಲಿಕ್ಕೆ ಯಾರಿಂದಲೂ ಆಗುವುದಿಲ್ಲ.
ಅಪ್ಪನ ಬುತ್ತಿ ಹಿಡಿದುಕೊಂಡು ನಾನು ಹೋಗ್ತೇನಲ್ಲ."
ಸ್ವಲ್ಪ ತಡೆದು,
"ಚಪ್ಪಲಿ ಯಾಕೆ ಕಳಚಿದ್ದು?"
"ಗೊತ್ತಿಲ್ಲ."
"ತೇಡೆಯ ಮುಳ್ಳು ಹೊಕ್ಕಿರಬೇಕು. ಚಪ್ಪಲಿ ತೂರಿ ಬರ್ತದೆ ಅದು. ಬರೆಯಿರಿ."
"ಚಿತ್ರದಲ್ಲಿ ಮುಳ್ಳು ಕಾಣುವುದಿಲ್ಲ, ಮಗಾ."
"ನನಗೂ" ಎಂದಳು,
ಮುಂದಿನ ಬೆಂಚಿನವರು ತಿರುಗಿ ನೋಡುವಷ್ಟು ನಕ್ಕಳು.

ಮುಳ್ಳನ್ನು ಬರೆದೆ.
'ಇರಬಹುದು' ಎಂದು ಸೇರಿಸಿದೆ, ಟೀಚರಲ್ಲವೇ.

ಪ್ರಮಾಣಪತ್ರ ಬಂದದ್ದು ಹದಿನೈದು ದಿನ ಕಳೆದು.
ಜೆಸಿಂತಾ ಎಂಬಲ್ಲಿ ಜಸಿಂತ.
ತೃಷಾಳಿಗೆ ಕೇಳಿಸೋಣವೆಂದು ಫೋನು ಕೊಟ್ಟೆ.
ರೈಲಿಳಿದವಳು ಒಂದೇ ಮಾತು ಹೇಳಿ ಸುಮ್ಮನಾದಳು:
ಚಿತ್ರ.
"ಅಷ್ಟೇಯಾ?" ಎಂದಳು ತೃಷಾ.
ಅವಳ ಪಕ್ಕ ಕೂತೆ.
ಸುತ್ತ ಚಿನ್ನದ ಬಣ್ಣದ ಬಳ್ಳಿ, ಎಂದು ಶುರುಮಾಡಿದೆ,
ನಡುವೆ ನನ್ನ ಹೆಸರು, ಒಂದು ಕೊಂಬು ಕಡಿಮೆ.