ನೋಟೀಸಿಗೆ ಉತ್ತರ

ಸಾಹೇಬ್ರಿಗೆ,
ಜೀಪಿನ ಡ್ರೈವರ್ ದ್ಯಾಮಣ್ಣ ಕೊಪ್ಪದ ಬರದು ಕೊಡೂದೇನಂದ್ರ,
ಟ್ರಾನ್ಸ್‌ಫರ್ ಪೆಟಗಿ ಯಾಕ ಒಡೀತು ಅಂತ ಕೇಳೀರಿ,
ಕೆಳಗ ನಾಕ ಗೆರಿ ಜಾಗಾ ಬಿಟ್ಟೀರಿ.
ಸಾಲಂಗಿಲ್ಲ. ಹಿಂದಿನ ಮಗ್ಗಲಕೂ ಬರದೇನಿ.

ಆ ರಾತ್ರಿ ಸಂಶಿ ಕಡೆ ಗಾಳಿಗೆ ಕಂಬ ಬಿದ್ದಿದ್ವು.
ಮಳಿ ಕುಡದ ಎರಿ ಹೊಲ ನಿಮಗ ಗೊತ್ತೈತಿ,
ಮೊದಲ ಚಪ್ಲಿ ಕೇಳ್ತೈತಿ, ಕೊಟ್ರ ಕಾಲೂ ಕೇಳ್ತೈತಿ.
ಸಣ್ಣ ದಾಂಡ ಜಗ್ಗಿ ನಾಕೂ ಗಾಲಿಗೆ ಜೀವ ಕೊಟ್ಟೆ.
ಜಾರತಿದ್ವು, ಒಂದು ಮುಂದ, ಒಂದು ಹಿಂದ,
ಒಂದರ ತಪ್ಪು ಒಂದು ನುಂಗಿಕೊಂಡು
ಎಮ್ಮಿ ಈಸಿದಂಗ ಈಸಿ ಕಂಬದ ಬುಡಾ ಮುಟ್ಟಿದ್ವು.

ಗುದ್ಲೆಪ್ಪ ಮ್ಯಾಲ ಹತ್ತಿದ.
ಲೈನ್ ಬಂದ್ ಐತಿ ಅಂದಿದ್ರು ಫೋನಿನ್ಯಾಗ.
(ಅದರ ನೋಟೀಸು ಯಾರಿಗೆ ಹೋತು, ನನಗ ಗೊತ್ತಿಲ್ಲ.)

ಹಿಂದಿನ ಸೀಟಿನ್ಯಾಗ ಮಲಗಿಸಿದ್ವಿ. ಇಮಾಮಸಾಬ ತೊಡಿ ಕೊಟ್ಟ.
ಹೊಲ ಮುಗೀತು, ಡಾಂಬರು ಬಂತು, ಒಣಾ ಡಾಂಬರು,
ಹುಬ್ಬಳ್ಳಿ ಕಡೆ ಒಂದ ಹನಿ ಬಿದ್ದಿರಲಿಲ್ಲ.
ದಾಂಡ ಹಿಂದ ಸರಿಸಬೇಕಿತ್ತು.
ಕೈ ಗೇರಿನ ಮ್ಯಾಲಿತ್ತು,
ಕಿವಿ ಅವನ ಉಸುರಿನ ಮ್ಯಾಲಿತ್ತು.

ಆಮ್ಯಾಲ ಎಂಟು ದಿನ ಕಿಮ್ಸಿಗೆ ಹೋಗೂದು, ಬರೂದು.
ಗೇಟಿನ ತಿರುವಿನ್ಯಾಗ ಜೀಪು ಗಕ್ ಅನ್ನೂದು, ಕುಂಟೂದು,
ಟಾಯರು ಚೀರೂದು, ಸ್ಟೇರಿಂಗು ಹಟಾ ಹಿಡಿಯೂದು.
ಗಾಳಿ ಕಡಿಮಿ ಆಗಿರಬೇಕಂತ ಗಾಳಿ ಹೊಡಸ್ದೆ.
ಗುದ್ಲೆಪ್ಪನ ಹೆಂಡ್ತಿ ಬುತ್ತಿ ಗಂಟು ಅವಚಿಕೊಂಡು
"ಇದಕ್ಕೂ ಶಾಕ್ ಹೊಡದೈತೇನು ಅಣ್ಣಾ" ಅಂದ್ಲು.
ಒಂಬತ್ತನೇ ದಿನ ಗೋಕುಲ ರೋಡಿಗೆ ಹೊಳ್ಳೂವಾಗ
ಫಟ್ ಅಂತು, ಹಲ್ಲು ಕಚ್ಚಿ ನಿಂತಬಿಡ್ತು.

ಕಾರವಾರ ರೋಡಿನ ಹಜರೇಸಾಬ ಮಿಸ್ತ್ರಿ
ಬಾನೆಟ್ ಎತ್ತಲಿಲ್ಲ. ದಾಂಡ ನೋಡಿದ, ನನ್ನ ನೋಡಿದ.
ನೆಲದ ಮ್ಯಾಲ ಖಡುವಿನ್ಯಾಗ ಎರಡು ಸುತ್ತು ಬರದ.
"ತಿರುಗೂವಾಗ ಮುಂದಿನ ಗಾಲಿದು ದೊಡ್ಡ ಹಾದಿ, ಹಿಂದಿಂದು ಸಣ್ಣದು.
ನೀ ಎರಡಕ್ಕೂ ಒಂದ ಕೂಲಿ ಕಟ್ಟೀದಿ.
ಕೆಸರಾದ್ರ ಜಾರಿ ಲೆಕ್ಕಾ ಚುಕ್ತಾ ಮಾಡ್ಕೊಂತಾವ.
ಒಣಾ ಡಾಂಬರು ಜಾರಗೊಡಂಗಿಲ್ಲ. ಬಾಕಿ ಒಳಗ ಕುಂಡರತೈತಿ,
ಹುರಿ ಏರಿದ ಹಗ್ಗದಂಗ."
ಜಾಕ್ ಹಚ್ಚಿ ಒಂದು ಗಾಲಿ ಎತ್ತಿದ.
ಯಾರೂ ಮುಟ್ಟಲಾರದ ಗಾಲಿ
ಗರ್ರಂತ ಅರ್ಧ ಸುತ್ತು ತಾನ ತಿರುಗಿತು.

ಅವತ್ತ ರಾತ್ರಿ ಉಣ್ಣೂವಾಗ ಹುಡುಗ ಚರಗಿ ಕೆಡವಿದ. ಅಷ್ಟ.
ನನ್ನ ಕೈ ಎದ್ದಿದ್ದು ನನಗ ತಿಳೀಲಿಲ್ಲ.
ಹೆಂಡ್ತಿ ಮಣಿಕಟ್ಟು ಹಿಡದು
"ಮನಿ ಇದು, ನೋಡ್ರಿ" ಅಂದ್ಲು, ಮೆತ್ತಗ.

ಗುದ್ಲೆಪ್ಪ ಎದ್ದು ಕುಂತಾನ. ಎಡಗೈಯಾಗ ಎರಡು ಬೆರಳಿಲ್ಲ.
ಪೆಟಗಿ ಖರ್ಚು ಪಗಾರದಾಗ ಹಿಡೀರಿ, ಕಂತಿನ ಮ್ಯಾಲ.
ದಾಂಡ ಸರಿಸಲಿಲ್ಲ, ತಪ್ಪು ನಂದ.
ಆದ್ರ ‘ಅಜಾಗರೂಕತೆ’ ಅಂತ ಬರೀಬ್ಯಾಡ್ರಿ.
ಜೀಪು ಡಾಂಬರಿಗೆ ಬಂದಿತ್ತು ಖರೆ.
ನಾ ಬಂದಿರಲಿಲ್ಲ.

ಇಂತಿ ಸಹಿ.
ತಾ.ಕ.: ನಾಕೂ ಹೊಸಾ ಟಾಯರು ಸವದಾವ. ಅದನ್ನೂ ಬರಕೋರಿ.