ಜಾಲಿಕಾಯಿ ಹಿಟ್ಟು

ಜೆಸಿಬಿ ಬರೋದು ಎಂಟೂವರೆಗೆ.
ಅಷ್ಟರೊಳಗೆ ಎರಡು ಚೀಲ ತುಂಬಬೇಕು, ಸುಂಕಿ, ಬಗ್ಗು.

ಹಳದಿ ಕಾಯಿ ಮಾತ್ರ. ಹಸಿರು ಒಗರು, ಗಂಟಲು ಹಿಡಿತೈತೆ.
ಮುರಿದು ನೋಡು: ಲಟ್ ಅಂದರೆ ಚೀಲಕ್ಕೆ,
ಬಾಗಿದರೆ ಅದಕ್ಕೆ ಇನ್ನೂ ಎರಡು ಬಿಸಿಲು ಬೇಕು.
ಸೂಜಿತೂತು ಇದ್ದದ್ದು ಹುಳದ ಪಾಲು, ಅಲ್ಲೇ ಬಿಡು.
ಆ ಬದುವಿನಾಚೆ ಹೋಗಬೇಡ,
ಟೊಮ್ಯಾಟೊಗೆ ನಿನ್ನೆ ಮದ್ದು ಹೊಡೆದವ್ರೆ.
ಒಂದು ಕೈ ಯಾವಾಗಲೂ ಸೊಂಟದ ಮೇಲಿರಲಿ.
ಜಾಲಿಗೆ ಎರಡೂ ಕೈ ಕೊಟ್ಟವಳು
ರಾತ್ರಿಯೆಲ್ಲ ಪಿನ್ನು ಹಿಡ್ಕೊಂಡು ದೀಪದಡಿ ಕೂರಬೇಕು.

ನಾನು ಈ ಊರಿಗೆ ಬಂದಾಗ
ಕೆರೆ ತುಂಬಿ ತುಳುಕ್ತಿತ್ತು ಅಂತ ಸುಳ್ಳು ಹೇಳಲ್ಲ.
ಆಗಲೂ ಇದೇ, ಏರಿಯಿಂದ ಕೋಡಿವರೆಗೆ ಮುಳ್ಳು.
ಸೊಸೆ ಯಾವೂರವಳು ಅಂತ ಯಾರಾದರೂ ಕೇಳಿದರೆ
ನಮ್ಮತ್ತೆ ಪೆದ್ದೋಬಮ್ಮ, ಬಾಯಿತುಂಬ ಎಲೆಯಡಿಕೆ,
ಗದ್ದ ಎತ್ತಿ ಕೆರೆ ಕಡೆ ತೋರಿಸೋಳು:
"ಅದೂ ಬಳ್ಳಾರೀದು, ಇದೂ ಬಳ್ಳಾರೀದು."
ಹೆಂಗಸರು ನಗೋರು. ನಾನೂ ನಗ್ತಿದ್ದೆ, ಹೊಸಬಳಲ್ಲವಾ.
ನಮ್ಮ ತವರಲ್ಲಿ ಇದಕ್ಕೆ ಬಳ್ಳಾರಿ ಜಾಲಿ ಅನ್ನಲ್ಲ,
ಸರ್ಕಾರಿ ಜಾಲಿ ಅಂತಾರೆ
ಅಂತ ಹೇಳೋಕೆ ನನಗೆ ನಾಲ್ಕು ವರ್ಷ ಹಿಡೀತು.
ಸರ್ಕಾರದವರು ಏನಂತ ಕರೀತಾರೋ.

ನನ್ನವ್ವ ಇದನ್ನ ಆಡಿಂದ ಕಲಿತಳು.
ಹಿಂಡಿಗೆ ದುಡ್ಡಿಲ್ಲದ ಬೇಸಿಗೇಲಿ ಆಡು ಕೊಬ್ಬಿದ್ದು ಹೆಂಗೆ ಅಂತ
ಒಂದು ಮಧ್ಯಾಹ್ನ ಅದರ ಹಿಂದೇನೇ ನಡೆದಳಂತೆ,
ಅದು ಅಗಿದದ್ದನ್ನ ತಾನೂ ಅಗಿದಳಂತೆ.
ಆಡಿಗೆ ಬೀಜ ಅರಗಲ್ಲ, ಹೋದಲ್ಲೆಲ್ಲ ಬಿತ್ತುತ್ತಾ ಹೋಗ್ತೈತೆ.
ನಾವು ಜರಡಿ ಹಿಡೀತೀವಿ. ಅಷ್ಟೇ ವ್ಯತ್ಯಾಸ.

ತಗಡಿನ ಮೇಲೆ ಆರು ದಿನ.
ಕುಟ್ಟೋದು ನೆತ್ತಿಬಿಸಿಲಲ್ಲೇ; ಸಂಜೆ ಗಾಳಿ ತಾಗಿದರೆ
ಕಾಯಿ ಮೆತ್ತಗಾಗಿ ಒನಕೆಗೆ ಅಂಟಿಕೊಂಡು ಮುದ್ದು ಮಾಡ್ತೈತೆ.
ಗಿರಣಿಗೆ ಒಯ್ಯಬೇಡ. ಒಂದು ಸಲ ಒಯ್ದಿದ್ದೆ,
ರಾಜಾಸಾಬ್ ಕಲ್ಲು ಬಿಚ್ಚಿ ಉಳಿ ಹಿಡಿದು ಕೆರೀತಾ
"ಅಕ್ಕಾ, ಹಿಟ್ಟಿಗೆ ತಂದ್ಯೋ ಗೋಂದಿಗೆ ತಂದ್ಯೋ" ಅಂದಿದ್ದ.
ಮೂರು ಪಾಲು ಜೋಳ, ಒಂದು ಪಾಲು ಇದು.
ಕುದಿನೀರು. ಸಣ್ಣ ಉರಿ.
ಸಿಹಿ ಇರೋ ಹಿಟ್ಟು, ಕಣ್ಣು ಮಿಟುಕಿಸೋದರಲ್ಲಿ ಕಪ್ಪಾಗ್ತೈತೆ.
ಹೆಂಚಿನ ಮುಂದೆ ಫೋನು ನೋಡೋ ಹಾಗಿಲ್ಲ ನೀನು.

ಅತ್ತೆ ಹದಿಮೂರು ವರ್ಷ ಮುಟ್ಟಲಿಲ್ಲ.
ಹಲ್ಲೆಲ್ಲ ಉದುರಿದ ಮೇಲೆ ಒಂದಿನ
ಮಜ್ಜಿಗೆ ಬಟ್ಟಲು ಮುಂದಿಟ್ಟುಕೊಂಡು, ಗೋಡೆ ನೋಡ್ತಾ,
"ನಿಮ್ಮೂರ ರೊಟ್ಟಿ ಐತೇನೆ?"
ಇತ್ತು.

ನಿನ್ನೆ ಆ ಜೆಸಿಬಿ ಹುಡುಗ, ಹೊಳಲ್ಕೆರೆಯವನು,
ಡಬ್ಬಿಗೆ ಇರುವೆ ಹತ್ತಿ ಸುಮ್ಮನೆ ಕೂತಿದ್ದ.
ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ.
ಮುರಿದು ಬಾಯಿಗಿಟ್ಟು, "ಬೆಲ್ಲ ಹಾಕೀರೇನಮ್ಮಾ?"
ಇಲ್ಲಪ್ಪ. "ಮತ್ತೆ?"
ನಾನು ಗದ್ದ ಎತ್ತಿ ತೋರಿಸಿದೆ.
ಅವನ ಬಕೆಟ್ಟಿಂದ ಬೇರು ಜೋತಾಡ್ತಿತ್ತು,
ಇನ್ನೂ ಮಣ್ಣು ಉದುರ್ತಿತ್ತು.
ನೋಡಿದ. ಅಗಿಯೋದು ನಿಲ್ಲಿಸಿದ. ಮತ್ತೆ ಅಗಿದ.
ಆಮೇಲೆ ಇನ್ನೊಂದು ಕೇಳಿದ.

ಅವನ ಕೆಲಸ ಅವನದು. ಕೆರೇಲಿ ನೀರು ನಿಲ್ಲೋದು
ನನಗೇನು ಬೇಡವಾ?
ಆಳುದ್ದ ಅಗೆದರೂ ಬೇರು ಇನ್ನೂ ಕೆಳಗೈತೆ,
ಅದು ಅವನಿಗೂ ಗೊತ್ತು.

ಚೀಲದ ಬಾಯಿ ಕಟ್ಟು, ಸುಂಕಿ.
ಓಡಿಹೋಗಿ ತಗಡಿನ ಮೇಲಿದ್ದದ್ದನ್ನ ಒಳಗೆ ಸುರಿ.
ಮೋಡ ಎಲ್ಲೂ ಕಾಣ್ತಿಲ್ಲ, ಹೌದು.
ನನ್ನ ಹಿಮ್ಮಡೀಲಿ ಮುರಿದು ಉಳಿದ ಮುಳ್ಳೊಂದೈತೆ,
ಮದುವೆಯಾದ ವರ್ಷದ್ದು,
ಬೆಳಗಿಂದ ಚುಚ್ತೈತೆ.